ಮುಂದಿನ ಕೋಣೆಯ ಪತಪೇಢಿ

ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಮ್ಮ ಮನೆಯ ಮುಂಬಾಗಿಲು ನಮ್ಮದಾಗಿರುತ್ತಿರಲಿಲ್ಲ. ಪುಣೆಯ ಕೊಂಢವಾದಲ್ಲಿ ನಾವಿದ್ದದ್ದು ಎರಡು ಕೋಣೆಯ, ಸಿಮೆಂಟಿನ ಪತ್ರಾ ಹೊದಿಸಿದ ಮನೆ. ಮುಂದಿನ ಕೋಣೆಯಲ್ಲಿ ಒಂದು ಕಟ್ಟಿಗೆಯ ಟೇಬಲ್ಲು, ಎರಡು ಬೆಂಚು, ಹಸಿರು ಬಣ್ಣದ ಕಬ್ಬಿಣದ ಕಪಾಟು, ಗೋಡೆಗೆ ಮರಾಠಿಯಲ್ಲಿ ಬರೆಸಿದ ಹಲಗೆ. ಅದು ಪತಪೇಢಿಯ ಆಫೀಸು. ಪತಪೇಢಿ ಎಂದರೆ ಪುಣೆಯ ಕಡೆ ಸದಸ್ಯರೇ ಒಡೆಯರಾಗಿರುವ ಸಣ್ಣ ಸಹಕಾರಿ ಸಂಘ. ರೊಕ್ಕ ಇಡುವವರೂ ಅವರೇ, ಸಾಲ ಒಯ್ಯುವವರೂ ಅವರೇ. ಹಿಂದಿನ ಕೋಣೆಯಲ್ಲಿ ಉಳಿದ ಸಂಸಾರವೆಲ್ಲ: ಒಲೆ, ಹಾಸಿಗೆಗಳ ಗಂಟು, ದೇವರ ಜಗುಲಿ, ಮೂಲೆಯಲ್ಲಿ ಬಚ್ಚಲು, ಮತ್ತು ನಾವು ಐದು ಮಂದಿ. ಅಪ್ಪ, ಅವ್ವ, ಅಪ್ಪನ ತಾಯಿ, ಅಪ್ಪನ ತಮ್ಮ ಮಲ್ಲಪ್ಪ ಕಾಕಾ, ನಾನು. ನನ್ನ ಶಾಲೆ ಮಧ್ಯಾಹ್ನದ್ದು. ಹಾಗಾಗಿ ಬೆಳಗಿನ ಹೊತ್ತು ನಾನು ಒಲೆಯ ಪಕ್ಕದಲ್ಲಿ ಕೂತು, ಪರದೆಯ ಆಚೆಗಿನ ಮಾತು ಕೇಳುತ್ತ, ಸದ್ದಾಗದಂತೆ ಉಣ್ಣಬೇಕಿತ್ತು. ಕಟಕ ರೊಟ್ಟಿ ಮುರಿಯುವ ಸದ್ದಿಗೂ ಅವ್ವ ಆಚೆಯಿಂದ ಕೆಮ್ಮುತ್ತಿದ್ದಳು. ಉಂಡು ಪಾಟಿಚೀಲ ಹಾಕಿಕೊಂಡು ಹಿತ್ತಿಲ ಬಾಗಿಲಿಂದ ಹೊರಗೆ ಹೋಗಬೇಕು. ಎಷ್ಟೋ ವರ್ಷ ನಾನು ಎಲ್ಲರ ಮನೆಯಲ್ಲೂ ಮುಂದಿನ ಕೋಣೆ ಮಂದಿಯದು, ಹಿಂದಿನದು ಮನೆಯವರದು ಎಂದೇ ತಿಳಿದಿದ್ದೆ.

ಅದು ಶುರುವಾದದ್ದು ಭಿಶಿಯಿಂದ, ಅಂದರೆ ಚೀಟಿ ವ್ಯವಹಾರದಿಂದ. ನಮ್ಮ ಓಣಿಯ ಹಿಂದೆ ಕಲಬುರ್ಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳಿದ್ದವು. ಶನಿವಾರ ಪಗಾರವಾದರೆ ಹೆಣ್ಣುಮಕ್ಕಳು ರೊಕ್ಕವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮಲಗುತ್ತಿದ್ದರು. ಬ್ಯಾಂಕಿಗೆ ಹೋದರೆ ಫಾರ್ಮು ತುಂಬಲು ಬರುವುದಿಲ್ಲ, ಕೌಂಟರಿನವನು ಕೇಳಿದ್ದು ತಿಳಿಯುವುದಿಲ್ಲ. ಅವ್ವ ಏಳನೆಯ ಇಯತ್ತೆ ಓದಿದ್ದಳು. ಅಷ್ಟು ಓದಿದ ಹೆಂಗಸು ಆ ಓಣಿಯಲ್ಲಿ ಬೇರೆ ಇರಲಿಲ್ಲ. ತಿಂಗಳಿಗಿಷ್ಟು ಎಂದು ಎಲ್ಲರೂ ಹಾಕಿ, ಚೀಟಿ ಎತ್ತಿ ಒಬ್ಬರಿಗೆ ಕೊಡುವ ಆ ಭಿಶಿಯ ಲೆಕ್ಕ ಬರೆಯಲು ಕೂತವಳು, ಹಿಟ್ಟಿನ ಗಿರಣಿ ನಡೆಸುತ್ತಿದ್ದ ಸುಶೀಲಾಬಾಯಿಯ ಒತ್ತಾಯಕ್ಕೆ ಕೆಲವು ವರ್ಷಗಳಲ್ಲಿ ಅದನ್ನು ಸರ್ಕಾರದಲ್ಲಿ ನೋಂದಾಯಿಸಿದಳು. ಸುಶೀಲಾಬಾಯಿ ಅಧ್ಯಕ್ಷೆ, ಅವ್ವ ಕಾರ್ಯದರ್ಶಿ. ಮೊದಲು ಹೆಂಗಸರಷ್ಟೇ ಇದ್ದ ಸಂಘಕ್ಕೆ ಆಮೇಲೆ ಗಂಡಸರೂ ಸೇರಿದರು. ಆಫೀಸಿಗೆ ಬಾಡಿಗೆ ಕೊಡುವಷ್ಟು ಬಲ ಸಂಘಕ್ಕಿರಲಿಲ್ಲ. ಹಾಗಾಗಿ ನಮ್ಮ ಮುಂದಿನ ಕೋಣೆ ಹೋಯಿತು.

ಕಾಗದಪತ್ರವೆಲ್ಲ ಮರಾಠಿಯಲ್ಲೇ ಇರಬೇಕು. ಅವ್ವ ನನ್ನ ಎರಡನೆಯ ಇಯತ್ತೆಯ ಪುಸ್ತಕ ಇಟ್ಟುಕೊಂಡು ನನ್ನ ಜೊತೆಗೇ ಮರಾಠಿ ಬರೆಯಲು ಕಲಿತಳು. ನಾನು ಅವಳ ತಪ್ಪು ತಿದ್ದುತ್ತಿದ್ದೆ, ಅವಳು ನನ್ನ ಅಕ್ಷರ ಸೊಟ್ಟ ಎಂದು ಬೈಯುತ್ತಿದ್ದಳು. ಆದರೆ ಎಣಿಸುವುದು ಮಾತ್ರ ಕೊನೆಯವರೆಗೂ ಕನ್ನಡದಲ್ಲೇ. ಎದುರಿಗೆ ಮರಾಠಿ ಸದಸ್ಯೆ ಕೂತಿದ್ದರೂ ನೋಟು ಎಣಿಸುವಾಗ ಅವಳ ತುಟಿ ‘ಇಪ್ಪತ್ತೊಂದು, ಇಪ್ಪತ್ತೆರಡು’ ಎಂದೇ ಅಲುಗುತ್ತಿತ್ತು. ಅಪ್ಪ ಪೇಟೆಯಲ್ಲಿ ಬಟ್ಟೆಯ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತ. ಮಿತಭಾಷಿ. ರವಿವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಅವಳ ಖಾತೆ ಪುಸ್ತಕಗಳನ್ನು ನೋಡಲು ಕೂಡುತ್ತಿದ್ದ. ಒಂದು ತಪ್ಪೂ ಸಿಗದಿದ್ದಾಗ ಏನೂ ಹೇಳದೆ ಎದ್ದು ಹೋಗುತ್ತಿದ್ದ. ಆ ಮೌನವೇ ಅವನ ಹೊಗಳಿಕೆ ಎಂದು ಅವ್ವನಿಗೆ ಗೊತ್ತಿತ್ತು. ಆ ದಿನ ಊಟಕ್ಕೆ ಹೋಳಿಗೆ ಅಲ್ಲದಿದ್ದರೂ ಮಾದಲಿಯಾದರೂ ಇರುತ್ತಿತ್ತು.

ಅಜ್ಜಿಯನ್ನು ನಾನು ‘ಆಯಿ’ ಎನ್ನುತ್ತಿದ್ದೆ. ಶಾಲೆಯಲ್ಲಿ ಆಯಿ ಎಂದರೆ ತಾಯಿ, ಮನೆಯಲ್ಲಿ ಆಯಿ ಎಂದರೆ ಅಜ್ಜಿ. ‘ನಿನ್ನ ಆಯಿಯನ್ನು ಕರೆದುಕೊಂಡು ಬಾ’ ಎಂದು ಬಾಯಿ, ಅಂದರೆ ನಮ್ಮ ಮಾಸ್ತರಿಣಿ, ಹೇಳಿದಾಗ ಒಮ್ಮೆ ನಾನು ಅಜ್ಜಿಯನ್ನೇ ಕರೆದುಕೊಂಡು ಹೋಗಿದ್ದೆ; ಅವರು ಮರಾಠಿಯಲ್ಲೂ ಇವಳು ಕನ್ನಡದಲ್ಲೂ ಅರ್ಧ ತಾಸು ಮಾತಾಡಿ ಇಬ್ಬರೂ ಸಂತೋಷದಿಂದ ಬೀಳ್ಕೊಂಡಿದ್ದರು. ಈ ಆಯಿ ಪತಪೇಢಿಯ ಹೊಸ್ತಿಲ ಪಕ್ಕ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ಉಳಿದವರಂತೆ ಅವಳೂ ಸಂಘದ ಒಬ್ಬ ಸದಸ್ಯೆ, ಯಾವ ಹುದ್ದೆಯೂ ಅವಳಿಗಿರಲಿಲ್ಲ. ಆದರೆ ಸಾಲ ಕೇಳಲು ಬಂದವರು ಮೊದಲು ಅವಳನ್ನು ದಾಟಬೇಕಿತ್ತು.

“ಏನ ಮಾಡಿದ್ದಿ ಇವತ್ತ ಅಡಗಿ?”

“ರೊಟ್ಟಿ, ಬ್ಯಾಳಿರೀ ಆಯಿ.”

“ನಿನ್ನೆ?”

“ನಿನ್ನೆ ಮಾಡಿಲ್ರಿ. ಅವರಿಗೆ ನಾಕು ದಿನ ಆತು, ಕೆಲಸಿಲ್ಲ.”

ಆಕೆ ಒಳಗೆ ಹೋದಮೇಲೆ ಆಯಿ ಸುಲಿದ ಕಾಳನ್ನು ಬುಟ್ಟಿಗೆ ಹಾಕುತ್ತ, ಯಾರಿಗೂ ಅಲ್ಲವೆಂಬಂತೆ ಗಟ್ಟಿಯಾಗಿ ಹೇಳುತ್ತಿದ್ದಳು: “ಮೊದಲನೇ ಕಂತು ಎರಡು ತಿಂಗಳ ಬಿಟ್ಟು ಹಿಡೀಬೇಕವಾ. ಈಗ ಹಿಡದ್ರ ಕೂಸಿನ ಹಾಲಿನ ರೊಕ್ಕ ಬರ್ತದ.” ಅವ್ವ ಒಳಗೆ ಅರ್ಜಿ ಬರೆದುಕೊಳ್ಳುತ್ತಿದ್ದಳು. ಕಂತು ಎರಡು ತಿಂಗಳ ನಂತರವೇ ಶುರುವಾಗುತ್ತಿತ್ತು.

ಕಂತು ತಪ್ಪಿದವರ ಶೆಡ್ಡಿಗೆ ಅವ್ವ ತಾನೇ ಹೋಗುತ್ತಿದ್ದಳು, ಸಂಜೆ ಐದರ ಹೊತ್ತಿಗೆ, ನನ್ನನ್ನು ಕರೆದುಕೊಂಡು. ಮಗು ಜೊತೆಗಿದ್ದರೆ ವಸೂಲಿಗೆ ಬಂದಂತೆ ಕಾಣುವುದಿಲ್ಲ ಎಂದು. ಒಮ್ಮೆ ನಾಗಮ್ಮ ಎಂಬಾಕೆಯ ಶೆಡ್ಡಿಗೆ ಹೋದೆವು. ಹೆರಿಗೆಯಾಗಿ ಹನ್ನೆರಡು ದಿನ. ಕೂಸು ಸಿಮೆಂಟಿನ ಚೀಲದ ಜೋಳಿಗೆಯಲ್ಲಿತ್ತು. ಅವ್ವ ಕಂತಿನ ಮಾತು ಎತ್ತಲೇ ಇಲ್ಲ. ನೀರು ಕಾಯಿಸಿ, ಕೂಸಿಗೆ ಎರೆದು, ನಾಗಮ್ಮನ ತಲೆಗೆ ಬಟ್ಟೆ ಕಟ್ಟಿ ಹೊರಟಳು. ನಾವು ಹೊರಗೆ ಬಂದಮೇಲೆ, ಓಣಿಯ ಉಳಿದವರಂತೆ ಅವ್ವನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ ನಾಗಮ್ಮ ಒಳಗಿಂದಲೇ ಕೂಗಿ ಹೇಳಿದಳು: “ವೈನಿ, ಮುಂದಿನ ತಿಂಗಳ ಎರಡೂ ಕೂಡೇ ಕೊಡ್ತೀನ್ರಿ.” ಕೊಟ್ಟಳು ಕೂಡ. ಅವ್ವ ಮೆತ್ತಗಿನವಳು ಎಂದು ನಾನು ಆಗ ತೀರ್ಮಾನಿಸಿದ್ದೆ. ಆ ತೀರ್ಮಾನ ತಪ್ಪೆಂದು ತಿಳಿದದ್ದು ವಾರ್ಷಿಕ ಸಭೆಗಳಲ್ಲಿ. ಓಣಿಯ ಬೇವಿನ ಮರದ ಕೆಳಗೆ ತಾಡಪತ್ರಿ ಹಾಸಿ ಸಭೆ. ಪ್ರತಿ ವರ್ಷವೂ ಒಂದೇ ಜಗಳ: ಲಾಭ ಪೂರ್ತಿ ಹಂಚಿಬಿಡಿ ಎಂದು ಸದಸ್ಯರು, ಒಂದು ಪಾಲು ತೆಗೆದು ಪೇಟೆಯ ದೊಡ್ಡ ಬ್ಯಾಂಕಿನಲ್ಲಿ ಮೀಸಲು ಇಡಬೇಕೆಂದು ಅವ್ವ. ‘ನಮ್ಮ ರೊಕ್ಕ ಅಲ್ಲಿ ಕೊಳೀಲಿಕ್ಕ ಯಾಕ ಇಡ್ತಿ?’ ಎಂದು ಕೂಗಿದವರಿಗೆ ಆಯಿ ಕೂತಲ್ಲಿಂದಲೇ, “ಬಿತ್ತೋ ಜ್ವಾಳ ಯಾರೂ ಬೀಸಂಗಿಲ್ಲ, ಸುಮ್ನ ಕೂಡ್ರಿ” ಎನ್ನುತ್ತಿದ್ದಳು. ಗೊಣಗಿಕೊಂಡೇ ಕೈ ಎತ್ತುತ್ತಿದ್ದರು.

ಇನ್ನು ಮಲ್ಲಪ್ಪ ಕಾಕಾ. ಅವ್ವ ಮದುವೆಯಾಗಿ ಬಂದಾಗ ಅವನಿಗೆ ಆರು ವರ್ಷ. ತಲೆ ಬಾಚಿ, ಮೂಗು ಒರೆಸಿ, ಶಾಲೆಗೆ ಕಳಿಸಿ ಬೆಳೆಸಿದವಳು ಅವಳೇ. ನಾನು ಹುಟ್ಟುವ ಮುಂಚೆ ಅವಳಿಗಿದ್ದ ಮಗು ಅವನು. ದೊಡ್ಡವನಾಗಿ ಸೆಂಟ್ರಿಂಗ್ ಕೆಲಸ ಕಲಿತಿದ್ದ. ಸ್ಲ್ಯಾಬ್ ಹಾಕುವಾಗ ಕೆಳಗಿನಿಂದ ಆನಿಸಿ ಹಿಡಿಯುವ ತಗಡಿನ ಪ್ಲೇಟು, ಮರದ ಬಲ್ಲಿಗಳನ್ನು ಕಟ್ಟುವ ಕೆಲಸ ಅದು. ಪ್ಲೇಟುಗಳನ್ನು ಬಾಡಿಗೆಗೆ ತಂದರೆ ಲಾಭವೆಲ್ಲ ಬಾಡಿಗೆಗೇ ಹೋಗುತ್ತಿತ್ತು. ಹಾಗಿರುವಾಗ ದೌಂಡದ ಕಡೆ ಒಂದು ದೊಡ್ಡ ಕಟ್ಟಡದ ಕೆಲಸ ಸಿಗುವ ಮಾತು ಬಂತು. ಸ್ವಂತ ಪ್ಲೇಟು ಇದ್ದವರಿಗೆ ಮಾತ್ರ. ಮೂವತ್ತು ಸಾವಿರ ಬೇಕಿತ್ತು. ಸಂಘದಲ್ಲಿ ಅವನ ಶೇರಿಗೆ ನಿಯಮದ ಪ್ರಕಾರ ಸಿಗುವ ಸಾಲ ಎಂಟು ಸಾವಿರ.

ಊಟಕ್ಕೆ ಕೂತಾಗ ಮಾತು ತೆಗೆದವನು ಅಪ್ಪ. ಅವನು ಏನನ್ನೂ ಕೇಳುವವನಲ್ಲ.

“ಮಲ್ಲೂಗ ಮೂವತ್ತು ಕೊಟ್ಟುಬಿಡು. ಒಂದು ವರ್ಷದಾಗ ತುಂಬ್ತಾನ. ನಾ ಅದೀನಿ.”

“ಎಂಟು ಬರ್ತದ್ರಿ,” ಎಂದಳು ಅವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

“ನಿಯಮ ನನಗೂ ಗೊತ್ತದ. ಮಂಡಳಿಯವರು ನಿನ್ನ ಮಾತು ತಗದು ಹಾಕಂಗಿಲ್ಲ.”

“ತಗದು ಹಾಕಂಗಿಲ್ಲ ಅಂತ ಗೊತ್ತದ. ಅದಕ್ಕ ಹೇಳಂಗಿಲ್ಲ.”

ಕಾಕಾ ತಾಟಿನಿಂದ ತಲೆ ಎತ್ತಿದ. “ವೈನಿ, ನಾ ಓಡಿ ಹೋಗ್ತೀನೇನ್ರಿ?”

“ನೀ ಓಡಿ ಹೋಗಂಗಿಲ್ಲೋ. ಆದ್ರ ನಾಳೆ ನಾಗಮ್ಮ ಬಂದು ನನಗೂ ಮೂವತ್ತು ಕೊಡ್ರಿ ಅಂದ್ರ ಅಕಿಗೆ ನಾ ಏನ ಹೇಳ್ಲಿ? ನೀ ನನ್ನ ಮನಿಯಾಕಿ ಅಲ್ಲಂತ ಹೇಳ್ಲೇನು?”

ಕಾಕಾ ಅರ್ಧ ಊಟಕ್ಕೇ ಕೈ ತೊಳೆದ. ಮುಂದಿನ ವಾರ ಮಂಡಳಿಯ ಸಭೆ ಅದೇ ಮುಂದಿನ ಕೋಣೆಯಲ್ಲಿ ನಡೆಯಿತು. ಕಾಕಾನ ಅರ್ಜಿ ಬಂದಾಗ ಸುಶೀಲಾಬಾಯಿ ‘ಮನೆಯ ಹುಡುಗ, ಒಂದು ಸಲ ಸಡಿಲ ಮಾಡೋಣ’ ಎಂದರಂತೆ. ಪರದೆಯ ಹಿಂದೆ ನಾನು ಕೇಳಿದ್ದು ಅವ್ವನ ಮಾತು. ಇದು ನನ್ನ ಮನೆಯ ಅರ್ಜಿ, ನಾನು ಹೊರಗೆ ಇರುತ್ತೇನೆ, ಆದರೆ ನಿಯಮ ಮೀರಿ ಕೊಟ್ಟರೆ ನಾಳೆಯಿಂದ ಕಪಾಟಿನ ಕೀಲಿಕೈ ಬೇರೆಯವರು ಇಟ್ಟುಕೊಳ್ಳಿ ಎಂದಳು. ಅಷ್ಟು ಹೇಳಿ ಪರದೆ ಸರಿಸಿ ಒಳಗೆ ಬಂದು, ಒಲೆಯ ಮುಂದೆ ಕೂತು, ಉರಿಯದ ಒಲೆಯನ್ನೇ ಊದುತ್ತಿದ್ದಳು. ಅರ್ಜಿ ತಿರಸ್ಕಾರವಾಯಿತು.

ಕಾಕಾ ಅದೇ ದಿನ ತನ್ನ ಟ್ರಂಕು ಎತ್ತಿಕೊಂಡು ಹೋದ. ಓಣಿಯ ಆಚೆ ತುದಿಯಲ್ಲಿ ಇಬ್ಬರು ಕೆಲಸಗಾರರ ಜೊತೆ ಖೋಲಿ ಹಿಡಿದ. ದೌಂಡದ ಕೆಲಸ ಬೇರೆಯವರಿಗೆ ಸಿಕ್ಕಿತು. ಅಪ್ಪ ಅವ್ವನ ಜೊತೆ ಮಾತು ಬಿಟ್ಟ. ಜಗಳವಲ್ಲ, ಬೈಗುಳವಲ್ಲ, ಮಾತು ನನ್ನ ಮೂಲಕ ಹೋಗತೊಡಗಿತು. “ಸುಮೀ, ನಿಮ್ಮವ್ವಗ ಹೇಳು, ನನ್ನ ಅಂಗಿಗೆ ಗುಂಡಿ ಇಲ್ಲ.” ಒಂದು ಮಾರು ದೂರದಲ್ಲಿ ಕೂತ ಅವ್ವ, “ಸುಮೀ, ನಿಮ್ಮಪ್ಪಗ ಹೇಳು, ಹಚ್ಚಿ ಗೂಟಕ್ಕ ಹಾಕೀನಿ” ಎನ್ನುತ್ತಿದ್ದಳು. ಮೊದಮೊದಲು ನನಗೆ ಅದು ಆಟದಂತಿತ್ತು. ಆಮೇಲೆ ಬೇಸರವಾಗಿ, ಆಮೇಲೆ ಹೆದರಿಕೆಯಾಯಿತು. ಒಂದು ದಿನ ಸಿಟ್ಟಿಗೆದ್ದು, “ನೀನ ಹೇಳು, ನನಗ ಶಾಲಿಗೆ ಹೊತ್ತಾತು” ಎಂದೆ. ಆ ದಿನ ಮನೆಯಲ್ಲಿ ಮಾತೇ ಇರಲಿಲ್ಲ. ಮರುದಿನದಿಂದ ಮತ್ತೆ ನಾನೇ ಹೇಳತೊಡಗಿದೆ. ಆಯಿ ಮಾತ್ರ ರೊಟ್ಟಿ ಗಂಟು ಕಟ್ಟಿಕೊಂಡು ದಿನಕ್ಕೊಮ್ಮೆ ಮಗನ ಖೋಲಿಗೆ ಹೋಗಿ ಬರುತ್ತಿದ್ದಳು. ಆ ರೊಟ್ಟಿ ಬಡಿಯುತ್ತಿದ್ದವಳು ಅವ್ವನೇ. ಅದನ್ನು ಕಾಕಾನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಹೀಗೆ ಒಂದು ತಿಂಗಳ ಮೇಲಾಗಿತ್ತು. ಆಗಲೇ ನಮ್ಮ ಕಡೆಯ ಇನ್ನೊಂದು ಪತಪೇಢಿ ಬಾಗಿಲು ಹಾಕಿತು. ನಮ್ಮದಕ್ಕಿಂತ ಬಹಳ ದೊಡ್ಡದು, ಗಾಜಿನ ಬಾಗಿಲಿನ ಆಫೀಸು. ನಡೆಸುವವರು ಸದಸ್ಯರ ಠೇವಣಿಯನ್ನೆಲ್ಲ ತಮ್ಮ ಬಂಧುಬಳಗಕ್ಕೇ ಸಾಲ ಕೊಟ್ಟು ಕಳೆದಿದ್ದರೆಂದು ಸುದ್ದಿ. ಮರುದಿನ ಬೆಳಿಗ್ಗೆ ಅವ್ವ ಬಾಗಿಲು ತೆಗೆಯುವ ಮುಂಚೆಯೇ ನಮ್ಮ ಓಣಿಯಲ್ಲಿ ಮಂದಿ ನೆರೆದಿದ್ದರು. ಕೈಯಲ್ಲಿ ಪಾಸ್‌ಬುಕ್ಕು. ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ ಒಂದೇ ಮಾತು: ನಮ್ಮ ರೊಕ್ಕ ನಮಗೆ ಕೊಡಿ. ಅವರ ರೊಕ್ಕ ಕಪಾಟಿನಲ್ಲಿ ಕೂತಿರುವುದಿಲ್ಲ. ಅದು ನಾಗಮ್ಮನಂಥವರ ಹೆರಿಗೆಗೆ, ಯಾರದೋ ಹೊಲಿಗೆ ಯಂತ್ರಕ್ಕೆ, ಯಾರದೋ ಮಗನ ಶಾಲೆಗೆ ಸಾಲವಾಗಿ ಹೋಗಿರುತ್ತದೆ. ಒಂದೇ ದಿನ ಎಲ್ಲರೂ ಕೇಳಿದರೆ ಎಂಥ ಗಟ್ಟಿ ಸಂಘವೂ ಕೊಡಲಾರದು. ಆ ಹತ್ತು ವರ್ಷದ ವಯಸ್ಸಿನಲ್ಲಿ ನನಗೆ ಇದು ತಿಳಿದಿರಲಿಲ್ಲ. ಅವ್ವ ಸೀರೆಯ ನೆರಿಗೆ ಎರಡು ಸಲ ಬಿಚ್ಚಿ ಎರಡು ಸಲ ಉಟ್ಟದ್ದು ನೋಡಿ, ಏನೋ ಕೆಟ್ಟದ್ದು ನಡೆದಿದೆ ಎಂದಷ್ಟೇ ತಿಳಿಯಿತು.

ಅಪ್ಪ ಅಂಗಡಿಗೆ ಹೋಗಲು ಬೂಟು ಹಾಕಿಕೊಂಡಿದ್ದ. ಹೊರಗೆ ನೋಡಿದ, ಅವ್ವನನ್ನು ನೋಡಿದ, ನನ್ನ ಕಡೆ ತಿರುಗಿದ.

“ಸುಮೀ, ನಿಮ್ಮವ್ವಗ ಹೇಳು, ಮೀಸಲು ನಿಧಿ ಕಾಗದದ ಮ್ಯಾಲೆ ಸಹಿ ಮಾಡಿ ಕೊಡಂತ. ನಾ ಸುಶೀಲಾಬಾಯಿನ್ನ ಕರಕೊಂಡು ಬ್ಯಾಂಕಿಗೆ ಹೋಗ್ತೀನಿ.”

ಅವ್ವ ಸಹಿ ಮಾಡಿದಳು. ಅಪ್ಪ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಹಿತ್ತಿಲ ಬಾಗಿಲಿಂದ ಹೊರಟ. ಹತ್ತು ಹೊಡೆದಾಗ ಅವ್ವ ಮುಂಬಾಗಿಲು ಪೂರ್ತಿ ತೆರೆದು, ಒಬ್ಬೊಬ್ಬರಾಗಿ ಬನ್ನಿ, ಎಲ್ಲರಿಗೂ ಕೊಡುತ್ತೇನೆ ಎಂದಳು. ಪಾಸ್‌ಬುಕ್ಕು ನೋಡಿ, ಬರೆದು, ಎಣಿಸಿ, ಕೊಟ್ಟಳು. ಆ ದಿನ ನಾನು ಶಾಲೆಗೆ ಹೋಗಲಿಲ್ಲ; ಆಯಿಯ ಪಕ್ಕ ಹೊಸ್ತಿಲಲ್ಲಿ ಕೂತಿದ್ದೆ. ಹನ್ನೊಂದೂವರೆಯ ಹೊತ್ತಿಗೆ ಕಪಾಟಿನ ಮೇಲಿನ ಖಾನೆ ಖಾಲಿಯಾಗಿತ್ತು. ಆಗ ಸಾಲಿನ ನಡುವೆ ಮಲ್ಲಪ್ಪ ಕಾಕಾ ಕಂಡ. ಅಂಗಿಯ ಮೇಲೆ ಸಿಮೆಂಟು, ಕೈಯಲ್ಲಿ ಅವನ ಪಾಸ್‌ಬುಕ್ಕು. ಅವನನ್ನು ನೋಡಿ ಮಂದಿ ಇನ್ನಷ್ಟು ಹೆದರಿದರು. ಸ್ವಂತ ಮೈದುನನೇ ರೊಕ್ಕ ತೆಗೆಯಲು ಬಂದಮೇಲೆ ಇನ್ನೇನು ಉಳಿದಿದೆ? ಸಾಲು ಮುರಿಯಿತು. ನೂಕುನುಗ್ಗಲಾಗಿ ಬೆಂಚು ಉರುಳಿತು. ಹಿಂದಿನಿಂದ ಒಬ್ಬ ಗಂಡಸು ಕೂಗಿದ: “ಎಲ್ಲಾ ಕಡೆ ಇದ ಹಣೆಬರಾ! ಮನಿಮಂದೀಗೆ ಹಂಚಿ ತಿಂದಿರ್ತಾರ. ಇಲ್ಲಿನೂ ತಿಂದಾರ!”

ಕಾಕಾ ಗಕ್ಕನೆ ತಿರುಗಿದ. ಅವನ ಮುಖ ಕೆಂಪಾಗಿತ್ತು.

“ಯಾವ ಮನಿಮಂದೀಗೋ? ಹಾಂ? ಮನಿಮಂದಿ ಅಂದ್ರ ನಾನ! ಮೂವತ್ತು ಸಾವಿರ ಕೇಳಿದ್ದೆ ನಾನು. ಕಾಲು ಹಿಡಿಯೂದೊಂದು ಬಾಕಿ ಇತ್ತು. ಕೊಡಲಿಲ್ಲ ಈ ಹೆಣ್ಮಗಳು! ದೌಂಡದ ಕೆಲಸ ಹೋತು ನಂದು. ಮನಿ ಬಿಟ್ಟು ಬಂದೀನಿ. ನಮ್ಮಣ್ಣ ತಿಂಗಳಾತು ಅಕಿ ಕೂಡ ಮಾತಾಡಿಲ್ಲ. ಎಂಟ ಸಾವಿರ ಅಂದ್ರ ಎಂಟ ಸಾವಿರ, ಒಂದು ರೂಪಾಯಿ ಮ್ಯಾಲಿಲ್ಲ! ನನಗ ಕೊಡದಾಕಿ, ನಿಮ್ಮ ರೊಕ್ಕ ಯಾರಿಗೆ ಕೊಟ್ಟಾಳು? ಹೇಳ್ರಿ!”

ಅವನು ಅವ್ವನ ಪರವಾಗಿ ಮಾತಾಡಲು ಬಂದವನಲ್ಲ. ಅವನಿಗೂ ಹೆದರಿಕೆಯಾಗಿಯೇ ಬಂದಿದ್ದ. ತಿಂಗಳಿನಿಂದ ಎದೆಯೊಳಗೆ ಕುದಿಯುತ್ತಿದ್ದ ಸಿಟ್ಟು ಅಷ್ಟು ಮಂದಿಯ ಎದುರು ಉಕ್ಕಿ ಬಂತು, ಅಷ್ಟೇ. ಅದಕ್ಕೇ ಎಲ್ಲರೂ ನಂಬಿದರು. ನಾಗಮ್ಮ, ಕೂಸನ್ನು ಸೊಂಟಕ್ಕೆ ಇಟ್ಟುಕೊಂಡವಳು, ಪಾಸ್‌ಬುಕ್ಕನ್ನು ಮಡಚಿ ಕುಪ್ಪಸದೊಳಗೆ ಸಿಕ್ಕಿಸಿಕೊಂಡು, ಸಾಲು ಬಿಟ್ಟು, ಉರುಳಿದ ಬೆಂಚನ್ನು ಎತ್ತಿ ನಿಲ್ಲಿಸಿದಳು. ಅವಳ ಹಿಂದೆ ಇನ್ನಿಬ್ಬರು ಹೆಂಗಸರು ಸಾಲು ಬಿಟ್ಟರು. ಎಲ್ಲರೂ ಹೋಗಲಿಲ್ಲ. ಆದರೆ ಉಳಿದವರು ಮತ್ತೆ ಸಾಲಾಗಿ ನಿಂತರು.

ಕಾಕಾನ ಸರದಿ ಬಂತು. ಅವ್ವ ಅವನ ಪಾಸ್‌ಬುಕ್ಕು ತೆಗೆದುಕೊಂಡು, ತಲೆ ಎತ್ತದೆ, “ಎಷ್ಟು ತಗೀಲಿ?” ಎಂದಳು. ಅವನು ಹಿಂದೆ ನಿಂತವರನ್ನು ತಿರುಗಿ ನೋಡಿದ. “ಐನೂರು ಸಾಕು. ಮಂದಿಗೆ ಪಗಾರ ಕೊಡಬೇಕು,” ಎಂದ. ಅವ್ವ ಎಣಿಸಿ ಕೊಟ್ಟಳು. ಅವನೂ ಎಣಿಸಿಕೊಂಡು ಹೋದ.

ಅಪ್ಪ ಮರಳಿದ್ದು ಒಂದಕ್ಕೆ ಸ್ವಲ್ಪ ಮುಂಚೆ, ಸುಶೀಲಾಬಾಯಿಯ ಜೊತೆ ರಿಕ್ಷಾದಲ್ಲಿ, ಅಂಗಡಿಯ ಬಟ್ಟೆಚೀಲದಲ್ಲಿ ಮೀಸಲು ನಿಧಿಯ ರೊಕ್ಕ ತುಂಬಿಕೊಂಡು. ಕಪಾಟಿನಲ್ಲಿ ಆಗ ಉಳಿದಿದ್ದುದು ಕೆಲವೇ ನೋಟು. ಅವನು ಮುಂಬಾಗಿಲಿಂದಲೇ ಒಳಗೆ ಬಂದು, ಚೀಲವನ್ನು ಟೇಬಲ್ಲಿನ ಮೇಲಿಟ್ಟು, ನನ್ನ ಕಡೆ ನೋಡದೆ ಕೇಳಿದ: “ಮುಂಜಾನಿಂದ ಹೊಟ್ಟಿಗೆ ಏನರ ಹಾಕ್ಕೊಂಡಿಯೇನ?” ಅವ್ವ ಇಲ್ಲವೆಂದು ತಲೆಯಾಡಿಸಿದಳು. ಅಷ್ಟರಲ್ಲೇ ಅವಳ ಕಣ್ಣು ತುಂಬಿ, ಬರೆಯುತ್ತಿದ್ದ ಸಾಲು ಕಾಣದೆ, ಲೆಕ್ಕಣಿಕೆ ಕೆಳಗಿಟ್ಟಳು. ಅಪ್ಪ ಒಳಗೆ ಹೋಗಿ ತಾನೇ ತಾಟಿಗೆ ರೊಟ್ಟಿ ಹಾಕಿ ತಂದ. ಸದಸ್ಯರು ಸುತ್ತ ನಿಂತಿರುವಾಗಲೇ ಅವಳು ಉಂಡಳು.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ರೊಕ್ಕ ತೆಗೆಯುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ, ವಾರ ಹತ್ತಿತು. ಆ ವರ್ಷ ಯಾರಿಗೂ ಲಾಭದ ಪಾಲು ಸಿಗಲಿಲ್ಲ, ಯಾರೂ ಕೇಳಲೂ ಇಲ್ಲ. ಹೋದವರಲ್ಲಿ ಕೆಲವರು ನಾಚಿಕೊಂಡು ಮರಳಿದರು, ಕೆಲವರು ಬರಲೇ ಇಲ್ಲ. ಸಂಘ ಇಂದಿಗೂ ಇದೆ, ದೊಡ್ಡದಾಗಿಲ್ಲ. ಬಾಡಿಗೆಯ ಮಳಿಗೆಯಲ್ಲಿ, ಕಂಪ್ಯೂಟರಿನ ಮುಂದೆ, ನಾಗಮ್ಮನ ಆ ಕೂಸೇ ಈಗ ಅಲ್ಲಿ ಕಾರಕೂನ. ನಾನು ಹೊಟ್ಟೆಪಾಡಿಗೆ ಇಂಥ ಸಂಘಗಳ ಲೆಕ್ಕ ತಪಾಸಣೆ ಮಾಡುವವಳಾದೆ. ಶಿರೂರಿನಿಂದ ದೌಂಡದವರೆಗೆ ಎಷ್ಟೋ ಆಫೀಸುಗಳಲ್ಲಿ ಕೂತಿದ್ದೇನೆ. ಎಷ್ಟೋ ಕಡೆ ಪುಸ್ತಕ ಮುಚ್ಚಿ, ‘ಇದು ಬದುಕುವುದಿಲ್ಲ’ ಎಂದು ಮನಸ್ಸಿನಲ್ಲೇ ಅಂದುಕೊಂಡು ಎದ್ದಿದ್ದೇನೆ. ಯಾಕೆ ಬದುಕುವುದಿಲ್ಲ ಎಂದು ವರದಿಯಲ್ಲಿ ಬರೆಯಲು ನನಗೆ ಬರುತ್ತದೆ. ಯಾಕೆ ಬದುಕುತ್ತದೆ ಎಂಬುದನ್ನು ಬರೆಯಲು ವರದಿಯಲ್ಲಿ ಜಾಗವಿರುವುದಿಲ್ಲ. ಹಲವು ವರ್ಷಗಳ ನಂತರ ಅವ್ವನನ್ನು ಕೇಳಿದ್ದೆ, ಕಾಕಾನಿಗೆ ಇಲ್ಲ ಎನ್ನುವಾಗ ಏನನಿಸಿತ್ತು ಎಂದು. “ಕೊಡಬೇಕು ಅಂತ ಭಾಳ ಅನಿಸಿತ್ತವಾ. ರೊಕ್ಕ ನಂದಿದ್ರ ಕೊಡ್ತಿದ್ದೆ,” ಎಂದಳು.

ಆ ಮೊದಲ ದಿನ ಸಂಜೆ ಮಂದಿಯೆಲ್ಲ ಹೋದಮೇಲೆ ಕಾಕಾ ಮತ್ತೆ ಬಂದ. ಒಳಗೆ ಬರಲಿಲ್ಲ. ಕಟ್ಟೆಯ ಮೇಲೆ ಕೂತ. ಕೆಲಸದವರಿಗೆ ಪಗಾರ ಕೊಟ್ಟು, ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡಿದ್ದ. ಅವ್ವ ಚಹಾ ತಂದು ಪಕ್ಕದಲ್ಲಿಟ್ಟು, ತಾನೂ ಹೊಸ್ತಿಲಲ್ಲಿ ಕೂತಳು.

“ಸಿಟ್ಟು ಹೋತೇನೋ ಮಲ್ಲೂ?”

“ಇಲ್ರಿ ವೈನಿ. ಇನ್ನೂ ಅದ.”

“ಇರಲಿ. ಚಹಾ ಆರ್ತದ.”

ಅವನು ಬಸಿಯಲ್ಲಿ ಸುರಿದುಕೊಂಡು ಕುಡಿದ. ಓಣಿಯಲ್ಲಿ ಮಕ್ಕಳು ಆಡುತ್ತಿದ್ದರು, ಗಿರಣಿಯ ಸದ್ದು ಆಗಷ್ಟೇ ನಿಂತಿತ್ತು. ಬಸಿಯನ್ನು ಕೆಳಗಿಟ್ಟು, ಅವಳ ಕಡೆ ನೋಡದೆ ಹೇಳಿದ: “ನಾಳೆ ಅರ್ಜಿ ಬರೀತೀನ್ರಿ. ಎಂಟ ಸಾವಿರಕ್ಕ. ಹಳೇ ಪ್ಲೇಟು ಒಂದಿಷ್ಟು ಸಿಗ್ತಾವಂತ.”

ಅವ್ವ ಖಾಲಿ ಬಸಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಕಾರ್ಯದರ್ಶಿಯ ದನಿಯಲ್ಲೇ, “ಇಬ್ಬರು ಜಾಮೀನು ಬೇಕು. ನಂದು ನಡಿಯಂಗಿಲ್ಲ,” ಎಂದಳು.

ಕಾಕಾ ಅವಳನ್ನು ದಿಟ್ಟಿಸಿ ನೋಡಿದ. ನಗಬೇಕೋ ಎದ್ದು ಹೋಗಬೇಕೋ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಆಯಿ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು, ಎಡಗೈಯ ಹೆಬ್ಬೆಟ್ಟನ್ನು ಮುಂದೆ ಚಾಚಿ, ಸೊಸೆಗೆ ಹೇಳಿದಳು:

“ಒಂದು ನಂದು ಬರಕೋ. ಇನ್ನೊಂದು ಹುಡುಕಾಕ ಅವನಿಗೆ ಬಾಯಿ ಅದ.”